ಅತ್ತಿಗೆ, ಒಂದು ಪ್ರಶ್ನೆ

ಮನೆಯಲ್ಲಿ ಒಬ್ಬರು ಸರ್ಕಾರಿ ಕೆಲಸದ ಪರೀಕ್ಷೆಗೆ ಓದಲು ಕೂತರೆ ಓದುವುದು ಅವರೊಬ್ಬರೇ ಅಲ್ಲ. ಅಡುಗೆ ಮಾಡುವವರು, ಹಾಲು ಹಾಕುವ ಹುಡುಗ, ಊಟಕ್ಕೆ ಬಂದ ನೆಂಟರು, ಎಲ್ಲರೂ ಸಿಲಬಸ್ ಮುಗಿಸಬೇಕು. ಹಾಸನದ ನಮ್ಮ ಮನೆಯಲ್ಲಿ ಅಧಿಕೃತ ಅಭ್ಯರ್ಥಿ ನನ್ನ ಮೈದುನ. ಅನಧಿಕೃತ ಅಭ್ಯರ್ಥಿಗಳು ನಾನು, ನಮ್ಮತ್ತೆ, ನಮ್ಮ ಯಜಮಾನರು ಮತ್ತು ಎರಡನೇ ಕ್ಲಾಸಿನ ಪುಟ್ಟಿ.

ಮೈದುನ ಮೊದಲು ಧಾರವಾಡದಲ್ಲಿದ್ದ. ಕೋಚಿಂಗ್ ಅಂದರೆ ಒಂದೋ ಧಾರವಾಡ, ಇಲ್ಲ ಬೆಂಗಳೂರಿನ ವಿಜಯನಗರ, ಅಲ್ವಾ? ರೂಮಿನ ಬಾಡಿಗೆ, ಮೆಸ್ಸಿನ ದುಡ್ಡು ಅಂತ ಖರ್ಚು ಜಾಸ್ತಿಯಾಗಿ, ‘ಓದೋದು ಎಲ್ಲಿದ್ರೂ ಓದಬಹುದು’ ಎಂದು ಒಂದು ಟ್ರಂಕು, ಎರಡು ಮೂಟೆ ಪುಸ್ತಕದ ಸಮೇತ ಮನೆಗೆ ಬಂದ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ, ಯಾವುದಕ್ಕೆ ಕರೆದರೂ ಅರ್ಜಿ ಹಾಕುತ್ತಾನೆ. ಹುದ್ದೆ ಯಾವುದಾದರೇನು, ಜಿಕೆ ಎಲ್ಲದಕ್ಕೂ ಇರುತ್ತದಲ್ಲ ಅನ್ನುವ ಧೈರ್ಯ ಅವನದು. ನನ್ನ ಕೇಳಿದರೆ ಧೈರ್ಯ ಕೆಡಬೇಕಾದದ್ದೇ ಅಲ್ಲಿ. ಬೇರೆ ವಿಷಯಗಳಿಗೆ ಪುಸ್ತಕಕ್ಕೊಂದು ಕೊನೇ ಪುಟ ಇರುತ್ತದೆ. ಜಿಕೆಗೆ ಅದಿಲ್ಲ. ಇಡೀ ಪ್ರಪಂಚವೇ ಸಿಲಬಸ್ಸು. ಆ ಪ್ರಪಂಚದಲ್ಲಿ ನಮ್ಮ ಅಡುಗೆಮನೆಯೂ ಸೇರಿದೆ ಅನ್ನುವುದು ನನ್ನ ತಾಪತ್ರಯ.

ಬಂದ ದಿನವೇ ಹಾಲ್‌ನ ಗೋಡೆಗೆ ಕರ್ನಾಟಕದ ಮ್ಯಾಪು ಅಂಟಿಸಿದ. ಅದು ಹಳೇ ಮ್ಯಾಪು, ಅದರಲ್ಲಿ ಜಿಲ್ಲೆ 30. ವಿಜಯನಗರ 2021ರಲ್ಲಿ ಬೇರೆ ಜಿಲ್ಲೆ ಆಯಿತಲ್ಲ, ಆದ್ದರಿಂದ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬಳ್ಳಾರಿಯನ್ನು ತಾನೇ ಸೀಳಿ 31 ಮಾಡಿದ. ಇದನ್ನು ನೋಡಿದ ಪುಟ್ಟಿಗೆ ಜಿಲ್ಲೆ ಮಾಡುವುದು ಇಷ್ಟು ಸುಲಭ ಅಂತ ಗೊತ್ತಾಯಿತು. ಮಾರನೇ ದಿನ ಹಸಿರು ಕ್ರಯಾನ್ ಹಿಡಿದು ಅರಸೀಕೆರೆಯನ್ನು ಹಾಸನದಿಂದ ಬೇರೆ ಮಾಡಿದಳು. ಅವಳ ಗೆಳತಿಯ ಅಜ್ಜಿಯ ಊರು ಅದು. ಆಮೇಲೆ ಮೈಸೂರಿಗೂ ಕೈ ಹಾಕಿದಳು. ನಮ್ಮ ಗೋಡೆಯ ಮೇಲೆ ಈಗ ಕರ್ನಾಟಕಕ್ಕೆ 34 ಜಿಲ್ಲೆ. ಮೈದುನ ಒಮ್ಮೊಮ್ಮೆ ನಿದ್ದೆಗಣ್ಣಿನಲ್ಲಿ ಎಣಿಸಿ ಬೆಚ್ಚಿಬೀಳುತ್ತಾನೆ.

ಜ್ಞಾನಪೀಠ ಪಡೆದ ನಮ್ಮ ಎಂಟು ಜನರನ್ನು ನೆನಪಿಡಲು ಅವನು ಮಾಡಿಕೊಂಡ ಕೋಡು ‘ಕುಬೇಕಾಮಾಗೋಅಕಾಕಂ’. 1967ರ ಕುವೆಂಪು ಅವರಿಂದ 2010ರ ಕಂಬಾರರ ತನಕ ಎಲ್ಲರೂ ಅದರಲ್ಲಿದ್ದಾರೆ. ಬೆಳಿಗ್ಗೆ ಐದಕ್ಕೆ ಜೋರಾಗಿ ಇದನ್ನೇ ಹೇಳಿಕೊಂಡು ಟೆರೇಸಿನ ಮೇಲೆ ಓಡಾಡುತ್ತಾನೆ. ಪಕ್ಕದ ಮನೆಯವರು, ‘ನಿಮ್ಮ ಮೈದುನ ಬಹಳ ದೈವಭಕ್ತ, ಯಾವ ದೇವರ ಮಂತ್ರ ಅದು?’ ಅಂತ ಕೇಳಿದರು. ಸರಸ್ವತಿದು ಅಂದೆ. ಸುಳ್ಳೇನಲ್ಲವಲ್ಲ. ತೊಂದರೆ ಏನೆಂದರೆ ಆ ಕೋಡಿನಲ್ಲಿ ಎರಡು ‘ಕಾ’ ಇದೆ. ಯಾವ ‘ಕಾ’ ಕಾರಂತರು, ಯಾವುದು ಕಾರ್ನಾಡರು ಅಂತ ನೆನಪಿಡಲು ಇನ್ನೊಂದು ಕೋಡು ಬೇಕಾಗಿದೆ. ಅದು ಇನ್ನೂ ತಯಾರಾಗುತ್ತಿದೆ.

ಅಡುಗೆಮನೆ ವಿಷಯಕ್ಕೆ ಬರುತ್ತೇನೆ. ವಿಜ್ಞಾನ ಓದುವ ದಿನ ಅವನು ಬಾಗಿಲಿಗೆ ಒರಗಿ ನಿಲ್ಲುತ್ತಾನೆ. ‘ಅತ್ತಿಗೆ, ಒಂದು ಪ್ರಶ್ನೆ’ ಅನ್ನುತ್ತಾನೆ. ಒಂದು ಅನ್ನುವುದು ಸುಮ್ನೆ. ‘ಹುಣಸೆಹಣ್ಣಲ್ಲಿ ಯಾವ ಆಮ್ಲ ಇದೆ?’ ಟಾರ್ಟಾರಿಕ್ ಆಮ್ಲ. ‘ನಿಂಬೆಹಣ್ಣಲ್ಲಿ?’ ಸಿಟ್ರಿಕ್. ‘ಮೊಸರಲ್ಲಿ?’ ಲ್ಯಾಕ್ಟಿಕ್. ‘ಅಡುಗೆ ಸೋಡಾ ಅಂದ್ರೆ?’ ಸೋಡಿಯಂ ಬೈಕಾರ್ಬೊನೇಟ್. ಇಷ್ಟು ವರ್ಷ ಒಗ್ಗರಣೆ ಹಾಕಿಕೊಂಡು ನೆಮ್ಮದಿಯಾಗಿದ್ದ ನನಗೆ ಈಗ ಸಾರಿಗೆ ಹುಳಿ ಹಿಂಡುವಾಗಲೂ ಟಾರ್ಟಾರಿಕ್ ಅಂತಲೇ ಬಾಯಿಗೆ ಬರುತ್ತದೆ.

ಒಂದು ದಿನ ಕುಕ್ಕರಿಗೆ ಬೇಳೆ ಇಟ್ಟು ವಿಸಿಲ್ ಎಣಿಸುತ್ತಿದ್ದೆ. ಎರಡಾಗಿತ್ತು. ‘ಅತ್ತಿಗೆ, ಕುಕ್ಕರಲ್ಲಿ ಬೇಗ ಬೇಯೋದು ಯಾಕೆ ಹೇಳಿ?’ ಮುಚ್ಚಳ ಹಾಕಿರೋದಕ್ಕೆ ಅಂದೆ. ‘ತಪ್ಪು! ಒಳಗೆ ಒತ್ತಡ ಜಾಸ್ತಿಯಾದರೆ ನೀರಿನ ಕುದಿಬಿಂದು ಏರುತ್ತೆ. ನೂರು ಡಿಗ್ರಿ ದಾಟಿದ ಮೇಲೇ ನೀರು ಕುದಿಯೋದು. ಆ ಬಿಸಿಗೆ ಬೇಳೆ ಬೇಗ ಬೇಯುತ್ತೆ.’ ಅಷ್ಟಕ್ಕೆ ಬಿಟ್ಟನೇ? ಬೆಟ್ಟದ ಮೇಲೆ ಗಾಳಿಯ ಒತ್ತಡ ಕಮ್ಮಿ, ಅಲ್ಲಿ ನೀರು ಬೇಗ ಕುದಿದರೂ ಅನ್ನ ನಿಧಾನ ಬೇಯುತ್ತೆ, ಮುಳ್ಳಯ್ಯನಗಿರಿ ಮೇಲೆ ನೀವು ಅನ್ನ ಮಾಡೋಕೆ ಹೋದ್ರೆ... ಅಂತ ಚಿಕ್ಕಮಗಳೂರಿನ ತನಕ ಹೋದ. ಕುಕ್ಕರು ತನ್ನ ಪಾಡಿಗೆ ಕೂಗುತ್ತಲೇ ಇತ್ತು. ಆ ದಿನ ಬೇಳೆ ಹೋಗಿ ಗಂಜಿಯಾಗಿತ್ತು. ಯಜಮಾನರು ತಟ್ಟೆ ನೋಡಿ, ‘ಯಾರಿಗೆ ಹುಷಾರಿಲ್ಲ?’ ಅಂದರು.

ಅವನು ಎಲ್ಲರ ಹತ್ತಿರವೂ ಗೆಲ್ಲುತ್ತಾನೆ. ನಮ್ಮತ್ತೆಯ ಹತ್ತಿರ ಮಾತ್ರ ಸೋಲುತ್ತಾನೆ. ಅತ್ತೆಯ ತವರು ಗೊರೂರಿನ ಹಿನ್ನೀರಿನಲ್ಲಿ ಮುಳುಗಿದ ಊರು.

‘ಅಮ್ಮ, ಹೇಮಾವತಿ ಅಣೆಕಟ್ಟು ಪೂರ್ತಿಯಾಗಿದ್ದು ಯಾವಾಗ?’

‘ನಮ್ಮಪ್ಪ ಮನೆ ಹೆಂಚು ಇಳಿಸಿದ್ರಲ್ಲ, ಅದಾದ ಮೇಲೆ.’

‘ಅದು ಆಪ್ಷನ್‌ನಲ್ಲಿ ಇಲ್ಲಮ್ಮ. 1979.’

‘ಹೆಂಚು ಇಳಿಸಿದ್ದು ಪುಸ್ತಕದಲ್ಲಿಲ್ವಾ?’

‘ಇಲ್ಲ.’

‘ಮಾವಿನ ಮರ?’

‘ಅಮ್ಮಾ, ನದಿ ಹುಟ್ಟೋದು ಮೂಡಿಗೆರೆ ತಾಲ್ಲೂಕು, ಸೇರೋದು ಕಾವೇರಿಗೆ, ಅಣೆಕಟ್ಟು ಗೊರೂರು. ಇಷ್ಟೇ ಕೇಳೋದು.’

‘ಹಾಗಾದ್ರೆ ಬರೆದವನು ಊರು ನೋಡಿಲ್ಲ ಬಿಡು’ ಎಂದು ಅತ್ತೆ ಅವರೆಕಾಯಿ ಬಿಡಿಸಲು ಕೂತರು. ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ನೀರಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುತ್ತದಲ್ಲ, ಅದನ್ನು ನೋಡಲು ಕಾರು ಮಾಡಿಕೊಂಡು ಬರುವವರನ್ನು ಕಂಡರೂ ಅವರಿಗೆ ಅಷ್ಟಕ್ಕಷ್ಟೆ. ಚರ್ಚಿನ ಗೋಡೆಯಾದರೂ ಕಾಣುತ್ತೆ, ನಮ್ಮ ಹಟ್ಟಿ ಎಲ್ಲಿ ಕಾಣುತ್ತೆ ಅನ್ನುತ್ತಾರೆ.

ತಾರೀಖು ಅತ್ತೆಗೆ ಬರುವುದೇ ಇಲ್ಲ ಅಂತಲ್ಲ. 1996ರ ಜೂನ್ 1 ಅಂದರೆ ನಿದ್ದೆಯಲ್ಲೂ ಹೇಳುತ್ತಾರೆ. ದೇವೇಗೌಡರು ಪ್ರಧಾನಮಂತ್ರಿಯಾಗಿ ಪ್ರಮಾಣವಚನ ತಗೊಂಡ ದಿನ. ಆ ದಿನವೇ ನಮ್ಮ ಮೈದುನನನ್ನು ತೊಟ್ಟಿಲಿಗೆ ಹಾಕಿದ್ದು. ಜಿಲ್ಲೆಯ ಮನುಷ್ಯ ಪ್ರಧಾನಿಯಾದ ದಿನ ತೊಟ್ಟಿಲಿಗೆ ಬಿದ್ದ ಮಗುವಿಗೆ ಒಂದು ಸರ್ಕಾರಿ ಕೆಲಸ ಸಿಗದೆ ಇರುತ್ತದೆಯೇ ಅನ್ನುವುದು ಅವರ ಲೆಕ್ಕ. ಹಾಗೆ ನೋಡಿದರೆ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರವೂ 1982ರಿಂದ ನಮ್ಮೂರಲ್ಲೇ ಇದೆ. ನಮ್ಮನೆ ಟಿವಿಯಲ್ಲಿ ಮಾತ್ರ ನಾಲ್ಕು ಹನಿ ಬಿದ್ದರೆ ಚಿತ್ರ ನಿಲ್ಲುತ್ತದೆ. ಊರಿನ ಹೆಸರಿನಿಂದ ಏನೂ ಆಗುವುದಿಲ್ಲ.

ಈ ಜಿಕೆಯಿಂದಲೇ ಒಂದು ಸಂಬಂಧ ತಪ್ಪಿತು. ತೀರ್ಥಹಳ್ಳಿ ಕಡೆಯ ಹುಡುಗಿ. ಹುಡುಗ ಓದುತ್ತಿದ್ದಾನೆ, ಇವತ್ತಲ್ಲ ನಾಳೆ ಪಟ್ಟಿಯಲ್ಲಿ ಹೆಸರು ಬರುತ್ತೆ ಅಂತ ಸಂಬಂಧ ತಂದವರು ಹೇಳಿ ಒಪ್ಪಿಸಿದ್ದರು. ಹೆಣ್ಣು ನೋಡಲು ಎಲ್ಲರೂ ಹೋದೆವು. ಉಪ್ಪಿಟ್ಟು, ಕೇಸರಿಬಾತು ಬಂತು. ಹುಡುಗಿಯ ತಂದೆ ನಿವೃತ್ತ ಮೇಷ್ಟ್ರು. ಮಾತಿನ ಮಧ್ಯೆ ಹೆಮ್ಮೆಯಿಂದ, ‘ನಮ್ಮದು ಕುವೆಂಪು ಹುಟ್ಟಿದ ತಾಲ್ಲೂಕು’ ಅಂದರು. ನಮ್ಮ ಯಜಮಾನರು ತಮ್ಮನ ತೊಡೆ ಹಿಡಿದುಕೊಂಡರು. ಅಷ್ಟರಲ್ಲಿ ಕೈಮೀರಿತ್ತು.

‘ಇಲ್ಲ ಸಾರ್. ಹುಟ್ಟಿದ್ದು ಹಿರೇಕೊಡಿಗೆ. ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. 1904 ಡಿಸೆಂಬರ್ 29. ಕುಪ್ಪಳಿ ಬೆಳೆದ ಊರು. ಬಹಳ ಜನ ಇಲ್ಲೇ ಮಾರ್ಕ್ಸ್ ಕಳ್ಕೊಳ್ತಾರೆ.’

ಮೇಷ್ಟ್ರ ಕೈಯಲ್ಲಿದ್ದ ಕೇಸರಿಬಾತಿನ ಚಮಚ ಅಲ್ಲೇ ನಿಂತಿತು. ಅತ್ತೆ ಪರಿಸ್ಥಿತಿ ಸುಧಾರಿಸಲು, ‘ಹೆರಿಗೆ ತವರುಮನೇಲಿ ತಾನೇ ಆಗೋದು, ಅದಕ್ಕೆ ಯಾರೇನು ಮಾಡೋಕಾಗುತ್ತೆ’ ಅಂದರು. ಮೇಷ್ಟ್ರು ನಗಲಿಲ್ಲ. ಆಮೇಲೆ ಜಾತಕ ಕೂಡಿಬರಲಿಲ್ಲ ಅಂತ ಫೋನು ಬಂತು. ಜಾತಕ ಕೂಡಿಬಂದಿದೆ ಅಂತಲೇ ಅವರು ನಮ್ಮನ್ನು ಕರೆದದ್ದು.

ಬೇಸರ ಕಳೆಯಲಿ ಅಂತ, ಬೆಂಗಳೂರಿನಿಂದ ಬಂದಿದ್ದ ನಮ್ಮಣ್ಣನ ಮನೆಯವರ ಜೊತೆ ಅವನನ್ನೂ ಬೇಲೂರಿಗೆ ಕರೆದುಕೊಂಡು ಹೋದೆವು. ಗೈಡ್ ಮಾಡಿಕೊಂಡೆವು. ಚೂಟಿ ಹುಡುಗ. ವಿಷ್ಣುವರ್ಧನ, 1117, ಚೆನ್ನಕೇಶವ, ದರ್ಪಣಸುಂದರಿ ಅಂತ ಚೆನ್ನಾಗಿ ಹೇಳಿಕೊಂಡು ಬರುತ್ತಿದ್ದ. ‘2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು’ ಅಂದ. ಮೈದುನ ಹಿಂದಿನಿಂದ, ‘ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಟ್ಟಿಗೆ. ಭಾರತದ 42ನೇದು’ ಅಂದ. ಗೈಡ್ ತಿರುಗಿ ನೋಡಿದ. ‘ಸರ್, ನೀವೂ ಬರೀತಿದ್ದೀರಾ?’

ಮುಗಿಯಿತು. ಆ ಹುಡುಗನೂ ಪಿಡಿಒಗೆ ಓದುತ್ತಿದ್ದನಂತೆ, ಗೈಡ್ ಕೆಲಸ ಖರ್ಚಿಗೆ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಮೊದಲು ಯಾವ ಪುಸ್ತಕ ಒಳ್ಳೇದು ಅನ್ನುವ ಮಾತು. ಆಮೇಲೆ ಜಗಳ ಶುರುವಾದದ್ದು ಹಲ್ಮಿಡಿ ಶಾಸನದ ಮೇಲೆ. ಕನ್ನಡದ ಅತಿ ಹಳೆಯ ಶಾಸನ ಹಲ್ಮಿಡಿಯದು, ಸುಮಾರು ಕ್ರಿ.ಶ. 450, ಅಂತ ನಾವೆಲ್ಲ ಓದಿಕೊಂಡು ಬಂದದ್ದು. ಹಲ್ಮಿಡಿ ಇರುವುದು ಬೇಲೂರು ತಾಲ್ಲೂಕಿನಲ್ಲೇ. ಆದರೆ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಅಗೆದಾಗ ಸಿಕ್ಕ ಸಿಂಹಕಟಾಂಜನ ಶಾಸನ ಅದಕ್ಕೂ ಹಳೆಯದು, 370ರದು ಅನ್ನುತ್ತಾರೆ. ಹಳೇ ಪುಸ್ತಕಗಳಲ್ಲಿ ಹಲ್ಮಿಡಿ, ಹೊಸ ಪುಸ್ತಕಗಳಲ್ಲಿ ತಾಳಗುಂದ. ಪ್ರಶ್ನೆಪತ್ರಿಕೆಯಲ್ಲಿ ಎರಡೂ ಕೊಟ್ಟರೆ ಯಾವುದಕ್ಕೆ ಗುಂಡಿ ತುಂಬಬೇಕು? ಒಂದು ಕಡೆ ಜಿಲ್ಲೆಯ ಅಭಿಮಾನ, ಇನ್ನೊಂದು ಕಡೆ ತಪ್ಪಾದರೆ ಹೋಗುವ ಕಾಲು ಅಂಕ. ‘ಬೇಲೂರಲ್ಲಿ ಕೂತು ತಾಳಗುಂದ ಅಂತೀರಲ್ಲ ಸರ್’ ಅಂತ ಗೈಡ್ ಹುಡುಗ ನಿಜಕ್ಕೂ ನೊಂದುಕೊಂಡ. ಮೈದುನ, ‘ನನಗೂ ಹೊಟ್ಟೆ ಉರಿಯುತ್ತೆ ಕಣಯ್ಯ, ಆದ್ರೆ ಕೀ ಉತ್ತರಕ್ಕೆ ಉರಿಯಲ್ವಲ್ಲ’ ಅಂದ. ನಾವು ಶಿಲಾಬಾಲಿಕೆಯರನ್ನು ನಮ್ಮಷ್ಟಕ್ಕೆ ನಾವೇ ನೋಡಿಕೊಂಡು ಬಂದೆವು. ಅಣ್ಣ ಗೈಡಿಗೆ ಪೂರಾ ದುಡ್ಡು ಕೊಟ್ಟ. ಅದಕ್ಕಿಂತ ಹೆಚ್ಚಾಗಿ ಆ ಹುಡುಗ ಗಳಿಸಿದ್ದು ಮೈದುನನ ನೋಟ್ಸಿನ ಜೆರಾಕ್ಸು.

ಪರೀಕ್ಷೆಗೆ ಸೆಂಟರ್ ಬಿದ್ದದ್ದು ತುಮಕೂರಿನಲ್ಲಿ. ಒಬ್ಬನೇ ಹೋದರೆ ಬಸ್ಸಿನಲ್ಲಿ ಯಾರಿಗಾದರೂ ಪ್ರಶ್ನೆ ಕೇಳುತ್ತ ಸ್ಟಾಪ್ ಬಿಟ್ಟುಬಿಡುತ್ತಾನೆ ಅಂತ ನನ್ನನ್ನು ಜೊತೆಗೆ ಕಳಿಸಿದರು. ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ನನ್ನದು ಖರ್ಚಿಲ್ಲದ ಕಾವಲು. ದಾರಿಯಲ್ಲಿ, ‘ಶಕ್ತಿ ಯೋಜನೆ ಶುರುವಾದ ದಿನ ಯಾವುದು ಅತ್ತಿಗೆ?’ ಅಂತ ಕೇಳಿಯೇ ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ಮುಂದಿನ ಸೀಟಿನ ಅಜ್ಜಿ, ‘ಜೂನ್ ಹನ್ನೊಂದು, 2023. ಅವತ್ತೇ ನಾನು ಧರ್ಮಸ್ಥಳಕ್ಕೆ ಹೋಗಿದ್ದೆ’ ಅಂದರು.

ಗೇಟಿನಲ್ಲಿ ಎಡವಟ್ಟಾಯಿತು. ತುಂಬುತೋಳಿನ ಅಂಗಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ. ಬ್ಲೂಟೂತ್ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದವರ ಪುಣ್ಯ, ಈಗ ತೋಳು, ಶೂ, ಎಲ್ಲಕ್ಕೂ ನಿಯಮ. ಮೈದುನ ಹಾಕಿಕೊಂಡಿದ್ದು ಅವರಣ್ಣನ ನಿಶ್ಚಿತಾರ್ಥದ ಅಂಗಿ. ಅದು ಅದೃಷ್ಟದ ಅಂಗಿ ಅಂತ ಅತ್ತೆ ಹಿಂದಿನ ರಾತ್ರಿ ಇಸ್ತ್ರಿ ಮಾಡಿ ಕೊಟ್ಟಿದ್ದರು. ಮೊಣಕೈ ತನಕ ಮಡಚಿ, ‘ಈಗ ಆಫ್ ಆಯ್ತಲ್ಲ ಸಾರ್’ ಅಂದ. ‘ಬಿಚ್ಚಿದ್ರೆ ಮತ್ತೆ ಫುಲ್ ಆಗುತ್ತಲ್ರೀ’ ಅಂದರು ಗೇಟಿನವರು. ಎದುರು ಜೆರಾಕ್ಸ್ ಅಂಗಡಿಯವನ ಹತ್ತಿರ ಕತ್ತರಿ ತಯಾರಿತ್ತು, ತೋಳಿಗೆ ಹತ್ತು ರೂಪಾಯಿ. ಅಲ್ಲಿ ಕ್ಯೂ ಬೇರೆ! ನನ್ನ ನಿಶ್ಚಿತಾರ್ಥದ ಅಂಗಿಯ ತೋಳುಗಳನ್ನು ನಾನೇ ಹಿಡಿದುಕೊಂಡು ನಿಂತೆ, ಅವನು ಕತ್ತರಿಸಿದ. ಅವಸರಕ್ಕೆ ಬಲಗಡೆ ಮೊಣಕೈ ತನಕ, ಎಡಗಡೆ ಹೆಚ್ಚುಕಮ್ಮಿ ಭುಜದ ತನಕ ಹೋಯಿತು. ಆ ಎರಡು ತೋಳುಗಳು ಈಗ ನಮ್ಮ ಅಡುಗೆಮನೆಯಲ್ಲಿ ಮಸಿಬಟ್ಟೆ. ಒಳ್ಳೇ ಕಾಟನ್ನು, ಬಿಸಿ ತಾಕುವುದಿಲ್ಲ.

ಹೊರಗೆ ಬಂದವನ ಮುಖ ನೋಡಿ ಏನೂ ಗೊತ್ತಾಗಲಿಲ್ಲ. ‘ಕುಕ್ಕರ್ ಬಂದಿತ್ತು ಅತ್ತಿಗೆ’ ಅಂದ. ಒಂದು ಬೇಳೆಗೆ ಒಂದು ಅಂಕವಾದರೂ ಸಿಕ್ಕಿತಲ್ಲ ಅಂತ ಸಮಾಧಾನ. ಸಂಜೆ ಯೂಟ್ಯೂಬಿನಲ್ಲಿ ಒಬ್ಬೊಬ್ಬ ಮೇಷ್ಟ್ರು ಒಂದೊಂದು ಕೀ ಉತ್ತರ ಹೇಳುತ್ತಿದ್ದರು. ಒಬ್ಬರ ಪ್ರಕಾರ ಇವನು ಪಾಸು, ಇನ್ನೊಬ್ಬರ ಪ್ರಕಾರ ಅಂಚಿನಲ್ಲಿ, ಮತ್ತೊಬ್ಬರ ಪ್ರಕಾರ ಮುಂದಿನ ಸಲ. ಅತ್ತೆ ಮೊದಲನೆಯವರ ಚಾನೆಲ್ಲಿಗೆ ಮಾತ್ರ ಲೈಕ್ ಒತ್ತಿಸಿದರು.

ಪಟ್ಟಿ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಇನ್ನೊಂದು ಅಧಿಸೂಚನೆ ಬಂದಿದೆ. ಮೈದುನ ವಯೋಮಿತಿಯ ಪಟ್ಟಿ ನೋಡುತ್ತ ಕೂತಿದ್ದವನು ತಟ್ಟನೆ ತಲೆಯೆತ್ತಿ, ‘ಅತ್ತಿಗೆ, ನಿಮಗೂ ವಯಸ್ಸಿದೆ’ ಅಂದ. ಈ ಮಾತನ್ನು ನನಗೆ ಯಾರೂ ಇಷ್ಟು ಸಂತೋಷದಿಂದ ಹೇಳಿರಲಿಲ್ಲ. ಯಜಮಾನರು ಆಗಲೇ ಟ್ರಂಕು ತೆಗೆದು ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹುಡುಕುತ್ತಿದ್ದರು. ಪುಟ್ಟಿ ನನಗೂ ಒಂದು ಜಿಲ್ಲೆ ಮಾಡಿಕೊಡುತ್ತೇನೆ ಅಂದಳು. ಮನೆ ಕೆಲಸ ಯಾರು ನೋಡಿಕೊಳ್ಳುತ್ತಾರೆ, ಅಡುಗೆ ಯಾರು ಮಾಡುತ್ತಾರೆ ಅಂತ ನಾನು ಕೇಳಿದೆ.

‘ಇವನು ಮಾಡ್ತಾನೆ’ ಅಂದರು ಅತ್ತೆ, ಮಗನ ಕಡೆ ಅವರೆಕಾಯಿ ಮೊರ ತಳ್ಳುತ್ತ. ‘ಕುಕ್ಕರಲ್ಲಿ ಬೇಗ ಬೇಯೋದು ಯಾಕೆ ಅಂತ ಗೊತ್ತಿರೋನು ಮನೇಲಿ ಇವನೊಬ್ಬನೇ.’