‘ತ್ಯಾಗ’ ಅನ್ನಬೇಡಿ

ಓದು ಮುಗಿಸಿ ಹುಟ್ಟೂರಿಗೆ ಮರಳಿದ ಕುಟುಂಬ ವೈದ್ಯರದ್ದು ‘ತ್ಯಾಗ’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನ್ನ ತಕರಾರು ಆ ಒಂದು ಪದಕ್ಕೆ. ತ್ಯಾಗ ಅಂದುಬಿಟ್ಟರೆ ಅದು ಅಪರೂಪದವರ ಕೆಲಸವಾಗುತ್ತದೆ, ಉಳಿದವರು ಕೈ ಮುಗಿದು ಸುಮ್ಮನಾಗಬಹುದು. ಹಳ್ಳಿಯಲ್ಲಿ ಬೆಳೆದ ವಿದ್ಯಾರ್ಥಿಗಳು ವೈದ್ಯರಾದರೆ ಹಳ್ಳಿಯಲ್ಲೇ ಕೆಲಸ ಮಾಡುವ ಸಾಧ್ಯತೆ ಹೆಚ್ಚು, ಅಂಥವರಿಗೆ ಸೀಟು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಶಿಫಾರಸು ಮಾಡಿತ್ತು. ಅಂದರೆ ಯಾರು ಮರಳುತ್ತಾರೆ ಅನ್ನುವುದು ಪ್ರವೇಶದ ದಿನವೇ ಅರ್ಧ ತೀರ್ಮಾನವಾಗಿರುತ್ತದೆ.

ಊರಿನವರಿಗೆ ‘ಪರಿಚಯದ ಡಾಕ್ಟರು’ ಬೇಕು ಅನ್ನುವುದೂ ಬರೀ ಭಾವುಕತೆಯಲ್ಲ. ನಾರ್ವೆಯ ದೊಡ್ಡ ಅಧ್ಯಯನವೊಂದರಲ್ಲಿ 15 ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ವೈದ್ಯರನ್ನು ಕಂಡವರಲ್ಲಿ, ಒಂದು ವರ್ಷದ ಪರಿಚಯವಷ್ಟೇ ಇದ್ದವರಿಗಿಂತ, ತುರ್ತಾಗಿ ಆಸ್ಪತ್ರೆ ಸೇರುವುದೂ ಸಾವೂ ಶೇ 25ರಿಂದ 30ರಷ್ಟು ಕಡಿಮೆ ಇತ್ತು.

ಆದರೆ ನೀವು ಮುಟ್ಟದೇ ಬಿಟ್ಟ ಇನ್ನೊಂದು ಮಗ್ಗುಲಿದೆ. ಊರಿಗೆಲ್ಲ ಬೇಕಾದ ವೈದ್ಯರ ಮುಂದೆ ಕೆಲವು ಕಾಯಿಲೆಗೆ ಬಾಯಿ ಬರುವುದಿಲ್ಲ. ನಮ್ಮ ಡಾಕ್ಟರು ಅಪ್ಪನ ಸ್ನೇಹಿತರು. ನನ್ನ ಖಿನ್ನತೆಯ ವಿಷಯ ಅವರಿಗೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಕೇಳಿಸಿಕೊಂಡು ಅವರು ಮೊದಲು ಅಂದದ್ದು, “ನನ್ನ ಹತ್ರ ಕಷ್ಟ ಆದ್ರೆ ಬೇರೆಯವರಿಗೆ ಚೀಟಿ ಬರೆದುಕೊಡ್ಲಾ?”