ತೊಳೆದಿಟ್ಟ ಹಾಲಿನ ಕೊಟ್ಟೆ
ಶಿರಸಿ ಹತ್ತಿರದ ನಮ್ಮೂರಿಗೆ ಒಣಕಸದ ಗಾಡಿ ಬರುವುದು ವಾರಕ್ಕೊಮ್ಮೆ. ಹಾಲಿನ ಕೊಟ್ಟೆ (ಪ್ಲಾಸ್ಟಿಕ್ ಪ್ಯಾಕೆಟ್) ತೊಳೆದು, ಅಡಿಗೆಮನೆ ಕಿಟಕಿಗೆ ಸಿಕ್ಕಿಸಿ ಒಣಗಿಸಿ, ರಟ್ಟು, ಬಾಟಲಿ ಬೇರೆ ಮಾಡಿ ಇಡುತ್ತೇನೆ. ಈ ಮಳೆಯಲ್ಲಿ ಒಂದು ಕೊಟ್ಟೆ ಒಣಗಲು ಎರಡು ದಿನ ಬೇಕು!

ಮೊನ್ನೆ ಯಾರೋ ಉಳಿದ ಸಾಂಬಾರು, ಮಗುವಿನ ಡೈಪರ್, ಒಡೆದ ಟ್ಯೂಬ್‌ಲೈಟ್ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಇಟ್ಟಿದ್ದರು. ಗಾಡಿಯ ಅಕ್ಕ ಚೀಲ ಬಿಚ್ಚಿದರು, ಗಾಜು ಬೆರಳಿಗೆ ಚುಚ್ಚಿತು. ನನಗೆ ಹೊಟ್ಟೆ ಉರಿಯಿತು.

ಹಸಿ, ಒಣ, ಅಪಾಯದ ಕಸ ಮೂರನ್ನೂ ಮನೆಯಲ್ಲೇ ಬೇರೆ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಸಾಂಬಾರು ಮೆತ್ತಿದ ರಟ್ಟನ್ನು ಗುಜರಿಯವರೂ ಮುಟ್ಟುವುದಿಲ್ಲ. ಹಸಿ ಕಸಕ್ಕೆ ಮನೆ ಹಿಂದೆಯೇ ಗೊಬ್ಬರಗುಂಡಿ ಇದೆ, ಅಲ್ವಾ? ನಾಲ್ಕು ಹೆಜ್ಜೆ ನಡೆಯಲು ಏನು ಕಷ್ಟ?

ಅಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮುಂದಿನ ಮನೆಗೆ ಹೋದರು.