ಸೋಲಾರ್‌ಗಿಂತ ಮೊದಲು ಎನರ್ಜಿ ಆಡಿಟ್ ಮಾಡಿಸಿ

ವಿಜಯಪುರದಲ್ಲಿ ಅಂಗಡಿ, ಲಾಡ್ಜ್, ಆಸ್ಪತ್ರೆ ನಡೆಸುವವರು ನಾಲ್ಕು ಜನ ಸೇರಿದರೆ ಈಗ ಎರಡೇ ಮಾತು: ಕರೆಂಟ್ ಬಿಲ್ ಏರಿದೆ, ಸೋಲಾರ್ ಹಾಕಿಸಬೇಕು. ಬಂದ ಕರೆಂಟ್ ಎಲ್ಲಿ ಖರ್ಚಾಗುತ್ತಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಊರಿನಲ್ಲಿ ವೈರಿಂಗ್ ಗುತ್ತಿಗೆ ಮಾಡಿಯೇ ಬದುಕು ಕಟ್ಟಿಕೊಂಡವನಾಗಿ ಹೇಳುತ್ತಿದ್ದೇನೆ, ಎನರ್ಜಿ ಆಡಿಟ್, ಅಂದರೆ ಕಟ್ಟಡದಲ್ಲಿ ಕರೆಂಟ್ ಎಲ್ಲೆಲ್ಲಿ ಎಷ್ಟು ಖರ್ಚಾಗುತ್ತದೆ, ಎಲ್ಲಿ ಪೋಲಾಗುತ್ತದೆ ಎಂದು ಅಳೆದು ನೋಡುವ ಕೆಲಸ ಮಾಡಿಸದೆ ಸೋಲಾರ್‌ಗೆ ದುಡ್ಡು ಸುರಿಯುವುದು ಸೋರುವ ತೊಟ್ಟಿಗೆ ಇನ್ನೂ ದೊಡ್ಡ ಪಂಪ್ ಕೂರಿಸಿದಂತೆ.

ಕಳೆದ ಬೇಸಿಗೆಯಲ್ಲಿ ಮೂರು ಮಹಡಿಯ ಬಟ್ಟೆ ಅಂಗಡಿಯೊಂದರ ಆಡಿಟ್ ನಡೆದಾಗ ನಾನೂ ಜೊತೆಗಿದ್ದೆ. ಮಾಲೀಕರ ಗುಮಾನಿಯೆಲ್ಲ ಮೀಟರ್ ಮೇಲೆ. "ಮೀಟರೇ ಜೋರಾಗಿ ಓಡುತ್ತದೆ ಸರ್, ಒಳಗೆ ನೋಡುವುದೇನಿದೆ?" ಎಂದರು. ಆಡಿಟರ್ ವಾದಕ್ಕಿಳಿಯಲಿಲ್ಲ. ಹನ್ನೆರಡು ತಿಂಗಳ ಬಿಲ್ ಕೇಳಿ ಪಡೆದು, ಮುಖ್ಯ ಪ್ಯಾನಲ್‌ಗೆ ಪವರ್ ಅನಲೈಸರ್ (ಯಾವ ಹೊತ್ತಿನಲ್ಲಿ ಎಷ್ಟು ಕರೆಂಟ್ ಹರಿಯಿತು ಎಂದು ದಾಖಲಿಸುವ ಉಪಕರಣ) ಜೋಡಿಸಿ ಒಂದು ವಾರ ಬಿಟ್ಟರು. ಶಟರ್ ಎಳೆದ ಮೇಲೂ ರಾತ್ರಿಯಿಡೀ ಲೋಡ್ ಇದ್ದದ್ದು ಅದರಲ್ಲಿ ಕಾಣಿಸಿತು. ಹುಡುಕಿದರೆ, ಮಾಳಿಗೆಯ ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸಬೇಕಾದ ಫ್ಲೋಟ್ ಸ್ವಿಚ್ ಕೆಟ್ಟು ಪಂಪ್ ನಿಲ್ಲದೆ ಓಡುತ್ತಿತ್ತು.

ನಿಜವಾದ ಕಳ್ಳ ಸಿಕ್ಕಿದ್ದು ಕಟ್ಟಡದ ಮುಂಭಾಗದಲ್ಲಿ. ಅಲ್ಲಿ ಅಂಗಡಿಯ ಹೆಸರು ಹೊತ್ತ ದೊಡ್ಡ ಫ್ಲೆಕ್ಸ್, ಅದರ ಹಿಂದೆ ಸಾಲಾಗಿ ಎಸಿಯ ಔಟ್‌ಡೋರ್ ಯೂನಿಟ್‌ಗಳು. ಅವು ಉಗುಳುವ ಬಿಸಿಗಾಳಿ ಫ್ಲೆಕ್ಸಿಗೆ ಬಡಿದು ಮತ್ತೆ ಅವುಗಳ ಬೆನ್ನಿಗೇ ಬರುತ್ತಿತ್ತು. ಕಾಯಿಲ್ ತುಂಬ ನಮ್ಮೂರಿನ ಧೂಳು ಬೇರೆ. ಹೊರಗೆ ನಲವತ್ತು ಡಿಗ್ರಿ ಬಿಸಿಲಿದ್ದಾಗ ಆ ಸಂದಿಯಲ್ಲಿ ಕೈಯಿಡಲಾಗದಷ್ಟು ಕಾವು. ಕಾಂಪ್ರೆಸರ್‌ಗೆ ಬಿಡುವೇ ಇಲ್ಲ, ಒಳಗೆ ತಂಪೂ ಇಲ್ಲ. ಸೆಕೆ ತಾಳದೆ ಕೆಲಸದವರು ರಿಮೋಟ್ ಒತ್ತಿ 18ಕ್ಕೆ ಇಳಿಸುತ್ತಿದ್ದರು. 24ರ ಕಡೆಗೆ ಏರಿಸುತ್ತ ಹೋದರೆ ಪ್ರತಿ ಡಿಗ್ರಿಗೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ. ಇನ್ನೆರಡು ಎಸಿ ಕೊಳ್ಳಲು ಮಾಲೀಕರು ಕೊಟೇಶನ್ ತರಿಸಿಟ್ಟಿದ್ದರು. ಬೇಕಾಗಿದ್ದದ್ದು ಫ್ಲೆಕ್ಸ್ ಸರಿಸುವುದು, ಕಾಯಿಲ್ ತೊಳೆಯುವುದು, ಅಷ್ಟೇ.

ಫ್ಯಾನುಗಳ ಲೆಕ್ಕವನ್ನು ನೀವೇ ಮಾಡಿ ನೋಡಿ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ನಲವತ್ತು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗುವ ಕಡೆ ದಿನಕ್ಕೆ 18 ಯೂನಿಟ್ ಉಳಿತಾಯ. ಕೆಪಾಸಿಟರ್ ಉಬ್ಬಿ ಪವರ್ ಫ್ಯಾಕ್ಟರ್ (ಪಡೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕುಸಿದು ದಂಡ ಬೀಳುತ್ತಿದ್ದರೆ, ಬೇಕಾದದ್ದಕ್ಕಿಂತ ಹೆಚ್ಚು ಲೋಡ್ ಮಂಜೂರು ಮಾಡಿಸಿಕೊಂಡು ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟುತ್ತಿದ್ದರೆ ಅದೂ ಆಡಿಟ್‌ನಲ್ಲೇ ಬಯಲಾಗುತ್ತದೆ.

ನನಗೆ ಹೆಚ್ಚು ನೋವಾಗುವುದು ಹೊಸ ಕಟ್ಟಡಗಳನ್ನು ನೋಡಿದಾಗ. ಗೋಳಗುಮ್ಮಟದ ದಪ್ಪ ಗೋಡೆಗಳನ್ನು ದಿನವೂ ಕಾಣುವ ನಾವು ಪಡುವಣಕ್ಕೆ ಮುಖ ಮಾಡಿ ನೆತ್ತಿಯಿಂದ ನೆಲದವರೆಗೆ ಗಾಜು ಹೊದಿಸುತ್ತೇವೆ, ಆಮೇಲೆ ಆ ಬಿಸಿಲನ್ನು ಎಸಿಯಿಂದ ಓಡಿಸುತ್ತೇವೆ. 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ರೂಪುಗೊಂಡದ್ದು 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಲೋಡಿನ ವಾಣಿಜ್ಯ ಕಟ್ಟಡಗಳಿಗಾಗಿ. ನಮ್ಮ ಬಜಾರಿನ ಮಧ್ಯಮ ಅಂಗಡಿಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಮಾಲೀಕರೇ ಮನಸ್ಸು ಮಾಡಬೇಕು. ನಾವು ಪೋಲು ಮಾಡುವ ಕರೆಂಟ್ ಎಲ್ಲಿಂದಲೋ ಬರುವುದಲ್ಲ. ಕೂಡಗಿಯ 2400 ಮೆಗಾವ್ಯಾಟ್ ಸ್ಥಾವರ ಕಲ್ಲಿದ್ದಲು ಉರಿಸುವುದು ನಮ್ಮ ಜಿಲ್ಲೆಯಲ್ಲೇ.

ಸೋಲಾರ್ ಬೇಡ ಎಂದು ನಾನು ಹೇಳುತ್ತಿಲ್ಲ, ಖಂಡಿತ ಹಾಕಿಸಿ. ಪೋಲು ನಿಂತ ಮೇಲೆ ಎಷ್ಟು ಬೇಕೋ ಅಷ್ಟನ್ನೇ ಹಾಕಿಸಿ. ಆಗ ಫಲಕಗಳೂ ಕಡಿಮೆ, ಸಾಲವೂ ಕಡಿಮೆ.

ಆದರೆ ಎಸಿ, ಫಲಕ ಮಾರುವವರು ಪುಕ್ಕಟೆ ಮಾಡಿಕೊಡುವ ಪರಿಶೀಲನೆಯನ್ನು ಆಡಿಟ್ ಎಂದು ನಂಬಬೇಡಿ. ತಮ್ಮ ಸರಕು ಬೇಡ ಎಂದು ಅವರು ಬರೆದುಕೊಡುವುದುಂಟೇ? ಕೇಂದ್ರದ ಇಂಧನ ದಕ್ಷತಾ ಬ್ಯೂರೋ ನಡೆಸುವ ಪರೀಕ್ಷೆ ಪಾಸಾದ ಆಡಿಟರ್‌ಗಳಿದ್ದಾರೆ. ಪ್ರಮಾಣಪತ್ರ ಕೇಳಿ ನೋಡಿ, ಶುಲ್ಕ ಕೊಟ್ಟೇ ಮಾಡಿಸಿ. ವರದಿಯಲ್ಲಿ ಪ್ರತಿ ಕೆಲಸದ ಮುಂದೆ ಖರ್ಚೆಷ್ಟು, ಅದು ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ ಎಂದು ಬರೆದಿರಬೇಕು. ಕೆಲಸ ಮುಗಿದ ಮೇಲೆ ಅದೇ ಪ್ಯಾನಲ್‌ನಲ್ಲಿ ಮತ್ತೊಮ್ಮೆ ಅಳೆದು ತೋರಿಸುವ ಷರತ್ತನ್ನೂ ಒಪ್ಪಂದದಲ್ಲಿ ಸೇರಿಸಿ.